ಇಟಲಿಯ ಕಲೋನ್ ಮಧ್ಯಾಹ್ನದವರೆಗೆ ಏಕೆ ಉಳಿಯುವುದಿಲ್ಲ?

ಓದುಗರ ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಅಧ್ಯಾಪಕ. ಮಿಲಾನಿನಲ್ಲಿ ಕೆಲಸದಲ್ಲಿರುವ ಮಗ ಈ ಸಲ ಊರಿಗೆ ಬಂದಾಗ, ನಿಂಬೆ ಜಾತಿಯ ಹಣ್ಣುಗಳ ಮತ್ತು ಲ್ಯಾವೆಂಡರಿನ ಪರಿಮಳವಿರುವ, ಗಂಡಸರಿಗೆಂದು ಮಾಡಿದ ಹಳೆಯ ಶೈಲಿಯ ಇಟಾಲಿಯನ್ ಕಲೋನ್ ಒಂದನ್ನು ತಂದುಕೊಟ್ಟಿದ್ದಾನೆ. ಹಾಕಿಕೊಂಡಾಗ ಮನಸ್ಸಿಗೆ ಬಹಳ ಹಿತವಾಗುತ್ತದೆ. ಆದರೆ ಅರ್ಧ ಗಂಟೆಯಲ್ಲಿ ನಿಂಬೆಯ ಪರಿಮಳ ಹೋಗಿ ಲ್ಯಾವೆಂಡರ್ ಮಾತ್ರ ಉಳಿಯುತ್ತದೆ. ಮಧ್ಯಾಹ್ನಕ್ಕೆ ಅದೂ ಇರುವುದಿಲ್ಲ. ಇಷ್ಟು ಬೆಲೆಯ ವಸ್ತುವಿಗೆ ಇದು ಸಹಜವೇ, ಅಥವಾ ಮಗ ನಕಲಿ ಮಾಲು ಕೊಂಡಿದ್ದಾನೆಯೇ? ಡಬ್ಬಿಯ ಮೇಲೆ ಲಿಮೋನೀನ್, ಲಿನಲೂಲ್, ಸಿಟ್ರಾಲ್, ಕೂಮರಿನ್ ಎಂದೆಲ್ಲ ಬರೆದಿದೆ. ಹಾಗಾದರೆ ಇದರಲ್ಲಿ ಹಣ್ಣೂ ಇಲ್ಲ, ಹೂವೂ ಇಲ್ಲವೆಂದು ಅರ್ಥವೇ? ಇದು ಹಳೆಯ ಕಾಲದ ಸಲೂನಿನ ವಾಸನೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇದನ್ನು ಕುತ್ತಿಗೆಗೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಕಪ್ಪಾಗುತ್ತದೆ ಎಂದು ಸ್ನೇಹಿತರೊಬ್ಬರು ಹೆದರಿಸಿದ್ದಾರೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಮೊದಲು ನಿಮ್ಮ ಆತಂಕಕ್ಕೆ ಉತ್ತರ ಹೇಳಿಬಿಡುತ್ತೇನೆ. ನಿಂಬೆಯ ಪರಿಮಳ ಅರ್ಧ ಗಂಟೆಯಲ್ಲಿ ಹಿಂದೆ ಸರಿಯುವುದು, ಅದರ ಜಾಗಕ್ಕೆ ಲ್ಯಾವೆಂಡರ್ ಬರುವುದು, ಮೂರು ನಾಲ್ಕು ಗಂಟೆಗಳ ನಂತರ ಮಣಿಕಟ್ಟಿಗೆ ಮೂಗು ತಾಗಿಸಿದರೆ ಮಾತ್ರ ತಿಳಿಯುವಷ್ಟು ಪರಿಮಳ ಉಳಿಯುವುದು, ಇವೆಲ್ಲ ಈ ಬಗೆಯ ಕಲೋನಿನ ದೋಷಗಳಲ್ಲ. ಅದನ್ನು ಕಟ್ಟಿರುವ ರೀತಿಯೇ ಹಾಗೆ. ಬೆಳಿಗ್ಗೆ ಎಂಟಕ್ಕೆ ಹಾಕಿಕೊಂಡ ನಿಂಬೆಯ ಪರಿಮಳ ಮಧ್ಯಾಹ್ನ ಎರಡಕ್ಕೂ ಹಾಗೆಯೇ ಇದೆ ಎಂದು ನೀವು ಬರೆದಿದ್ದರೆ ನನಗೆ ಅನುಮಾನ ಬರುತ್ತಿತ್ತು, ಏಕೆಂದರೆ ಹಣ್ಣಿನ ಸಿಪ್ಪೆಯ ಎಣ್ಣೆ ಮೈಮೇಲೆ ಅಷ್ಟು ಹೊತ್ತು ನಿಲ್ಲುವಂಥದ್ದಲ್ಲ. ಅಸಲಿಯೋ ನಕಲಿಯೋ ಎಂಬುದನ್ನು ತಿಳಿಯಬೇಕಾದರೆ ಬಾಟಲಿಯ ಮೇಲಿರುವ ಬ್ಯಾಚ್ ಸಂಖ್ಯೆ ಡಬ್ಬಿಯ ಮೇಲಿನ ಸಂಖ್ಯೆಯೊಂದಿಗೆ ಹೊಂದುತ್ತದೆಯೇ ನೋಡಿ, ಯಾವ ಅಂಗಡಿಯಲ್ಲಿ ಕೊಂಡದ್ದೆಂದು ಮಗನನ್ನು ವಿಚಾರಿಸಿ. ಪರಿಮಳ ಎಷ್ಟು ಹೊತ್ತು ನಿಂತಿತು ಎಂಬುದು ಅಸಲಿತನದ ಅಳತೆಗೋಲಲ್ಲ. ಅಗ್ಗದ ಕೃತಕ ಕಸ್ತೂರಿಯನ್ನು ಧಾರಾಳವಾಗಿ ಸೇರಿಸಿದರೆ ಯಾವ ಸೆಂಟನ್ನಾದರೂ ದಿನವಿಡೀ ನಿಲ್ಲಿಸಬಹುದು.

ಇದನ್ನು ಅರ್ಥ ಮಾಡಿಕೊಳ್ಳಲು ಈ ಶೈಲಿ ಎಲ್ಲಿಂದ ಬಂತೆಂಬುದನ್ನು ಸ್ವಲ್ಪ ತಿಳಿದಿರಬೇಕು. ಇಟಲಿಯ ಉತ್ತರಕ್ಕೆ, ಪೀಡ್ಮಾಂಟಿನ ಬೆಟ್ಟಸಾಲಿನ ಸಾಂತಾ ಮರಿಯಾ ಮಜ್ಜೋರೆ ಎಂಬ ಊರಿನಲ್ಲಿ 1685ರಲ್ಲಿ ಹುಟ್ಟಿದ ಜೊವಾನ್ನಿ ಮರಿಯಾ ಫರೀನಾ ಎಂಬುವನು ಜರ್ಮನಿಯ ಕಲೋನ್ ನಗರಕ್ಕೆ ಹೋಗಿ ನೆಲೆಸಿದನು. ತಾನು ಕಂಡುಕೊಂಡ ಪರಿಮಳವು ಮಳೆ ನಿಂತ ಮೇಲಿನ ಇಟಲಿಯ ವಸಂತದ ಬೆಳಗನ್ನು, ಕಿತ್ತಳೆಯ ಹೂಗಳನ್ನು ನೆನಪಿಗೆ ತರುತ್ತದೆ ಎಂದು ಅವನು 1708ರಲ್ಲಿ ತನ್ನ ಅಣ್ಣನಿಗೆ ಕಾಗದ ಬರೆದನು. ಆವರೆಗೆ ಯೂರೋಪಿನ ಸಿರಿವಂತರು ಬಳಸುತ್ತಿದ್ದುದು ಕಸ್ತೂರಿ, ಪುನುಗಿನಂಥ ಗಾಢವಾದ, ದಿನಗಟ್ಟಲೆ ಬಟ್ಟೆ ಬಿಡದ ದ್ರವ್ಯಗಳನ್ನು. ಫರೀನಾ ಅದಕ್ಕೆ ವಿರುದ್ಧವಾದುದನ್ನು ಮಾಡಿದನು: ಶುದ್ಧ ಮದ್ಯಸಾರದಲ್ಲಿ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣು, ನಿಂಬೆ, ಕಿತ್ತಳೆ ಮುಂತಾದವುಗಳ ಹಗುರವಾದ ಎಣ್ಣೆಗಳನ್ನು ತೆಳುವಾಗಿ ಕರಗಿಸಿದನು. ಹಾಕಿಕೊಂಡ ಗಳಿಗೆಯಲ್ಲಿ ಮೈ ಮನಸ್ಸು ತಿಳಿಯಾಗಬೇಕು, ಆಮೇಲೆ ಅದು ತಾನಾಗಿ ಆರಿಹೋಗಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ನಮ್ಮ ಮನೆಗಳಲ್ಲಿ ಜ್ವರ ಬಂದವರ ಹಣೆಗೆ ಓಡಿಕೊಲೋನ್ ಪಟ್ಟಿ ಹಾಕುತ್ತಿದ್ದುದನ್ನು ನೀವು ಕಂಡಿರಬಹುದು. ಅದೂ ಇದೇ ವಂಶದ್ದು.

ಇಟಾಲಿಯನ್ ಶೈಲಿಯ ಶ್ರೇಷ್ಠ ಮಾದರಿಯೆಂದು ನಾನು ಪರಿಗಣಿಸುವುದು 1916ರಲ್ಲಿ ಪಾರ್ಮಾ ನಗರದಲ್ಲಿ ಕಾರ್ಲೊ ಮನ್ಯಾನಿ ಎಂಬುವರು ಆರಂಭಿಸಿದ ಆಕ್ವಾ ದಿ ಪಾರ್ಮಾ ಸಂಸ್ಥೆಯ ‘ಕೊಲೋನಿಯಾ’ವನ್ನು. ನಿಮ್ಮ ಮಗ ತಂದಿರುವುದು ಅದೇ ಇರಲಿ, ಅದರ ಮೇಲ್ಪಂಕ್ತಿಯಲ್ಲಿ ಮಾಡಿದ ಬೇರೊಂದೇ ಇರಲಿ, ರಚನೆ ಹೆಚ್ಚುಕಡಿಮೆ ಒಂದೇ. ಮೊದಲು ಬರ್ಗಮಾಟ್, ನಿಂಬೆ, ಕಿತ್ತಳೆ. ನಡುವೆ ಲ್ಯಾವೆಂಡರ್, ರೋಸ್‌ಮರಿ, ಸ್ವಲ್ಪ ಗುಲಾಬಿ. ಕೊನೆಯಲ್ಲಿ ಲಾವಂಚ, ಶ್ರೀಗಂಧ, ಪಚೌಲಿ. ಜರ್ಮನಿಯಲ್ಲಿ ಬೆಳೆದ ಹಳೆಯ ಕಲೋನುಗಳಿಗಿಂತ ಇದು ತುಸು ದೀರ್ಘವಾಗಿ ನಿಲ್ಲುವುದು ಕೊನೆಯಲ್ಲಿರುವ ಈ ಮೂರು ದ್ರವ್ಯಗಳಿಂದಾಗಿ. ಅದೇ 1916ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತೆಂಬುದನ್ನು ಇಲ್ಲಿ ಹೇಳದೆ ಇರಲಾರೆ. ಮಹಾಯುದ್ಧದಿಂದಾಗಿ ಜರ್ಮನಿಗೆ ಗಂಧದ ಮರ ಸಾಗಿಸುವುದು ನಿಂತುಹೋದದ್ದರಿಂದ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಏರ್ಪಾಡು ಆಯಿತು. ಮುಂದೆ ಮೈಸೂರಿನ ಗಂಧದೆಣ್ಣೆ ಜಗತ್ತಿನ ಸುಗಂಧ ತಯಾರಕರಿಗೆಲ್ಲ ಮೇಲ್ಮಟ್ಟದ ಮಾದರಿಯಾಯಿತು.

ಈಗ ಬರ್ಗಮಾಟಿನ ವಿಷಯಕ್ಕೆ ಬರೋಣ, ಏಕೆಂದರೆ ಇಡೀ ಕಲೋನಿನ ಪ್ರಾಣವಿರುವುದು ಅಲ್ಲಿ. ನೀವು ನಿಂಬೆ ಎಂದು ಗುರುತಿಸಿದ ಪರಿಮಳದ ಬಹುಪಾಲು ಬರ್ಗಮಾಟಿನದೇ ಆಗಿರಬೇಕು. ಇದು ಹುಳಿಗಹಿ ಕಿತ್ತಳೆ ಮತ್ತು ನಿಂಬೆಯ ಮಿಶ್ರತಳಿ. ತಿನ್ನಲು ಕಹಿ, ಕುಡಿಯಲು ಹುಳಿ, ಆದರೆ ಸಿಪ್ಪೆಯ ಎಣ್ಣೆ ಅಪೂರ್ವ. ಅರ್ಲ್ ಗ್ರೇ ಚಹಾ ಕುಡಿದವರಿಗೆ ಇದರ ಘಮ ಪರಿಚಿತ. ಜಗತ್ತಿನ ಬರ್ಗಮಾಟಿನ ಬಹುದೊಡ್ಡ ಪಾಲು ಬರುವುದು ಇಟಲಿಯ ತುತ್ತತುದಿಯ ಕಲಾಬ್ರಿಯಾದಲ್ಲಿ, ರೆಜ್ಜೊ ಕಲಾಬ್ರಿಯಾ ಪ್ರಾಂತದ ಸಮುದ್ರ ತೀರದ ಒಂದು ಕಿರಿದಾದ ಪಟ್ಟಿಯಿಂದ. ಅಲ್ಲಿಯ ಎಣ್ಣೆಗೆ 2001ರಲ್ಲಿ ಯೂರೋಪಿನ ಸಂರಕ್ಷಿತ ಮೂಲಸ್ಥಾನದ ಮಾನ್ಯತೆ ದೊರೆಯಿತು. ನವೆಂಬರಿನಿಂದ ಮಾರ್ಚಿನವರೆಗೆ ಕೊಯ್ಲು ನಡೆಯುತ್ತದೆ. ಮೊದಮೊದಲ ಹಸಿರು ಕಾಯಿಗಳ ಎಣ್ಣೆ ಹೆಚ್ಚು ಚುರುಕು, ಮಾಗಿದ ಹಳದಿ ಹಣ್ಣುಗಳದು ಹೆಚ್ಚು ಮೃದು. ಒಂದು ಕಿಲೊ ಎಣ್ಣೆಗೆ ಸುಮಾರು 200 ಕಿಲೊ ಹಣ್ಣು ಬೇಕಾಗುತ್ತದೆ.

ಹಿಂದೆ ಈ ಎಣ್ಣೆಯನ್ನು ಕೈಯಿಂದ ತೆಗೆಯುತ್ತಿದ್ದ ರೀತಿ ಕಣ್ಣಿಗೆ ಕಟ್ಟುವಂಥದ್ದು. ಹಣ್ಣನ್ನು ಎರಡು ಹೋಳು ಮಾಡಿ, ಅಂಚು ಹರಿತವಾದ ಚಮಚದಿಂದ ತಿರುಳನ್ನು ಕೆರೆದು ತೆಗೆದು, ಬರಿದಾದ ಸಿಪ್ಪೆಯನ್ನು ನೀರಿನಲ್ಲಿ ನೆನೆಯಲು ಬಿಡುತ್ತಿದ್ದರು. ಆಮೇಲೆ ಕೆಲಸಗಾರನು ಮಣ್ಣಿನ ಬಟ್ಟಲಿನ ಬಾಯಿಗೆ ಅಡ್ಡಲಾಗಿಟ್ಟ ಸಮುದ್ರದ ಸ್ಪಂಜಿನ ಮೇಲೆ ಆ ಸಿಪ್ಪೆಯನ್ನು ಒತ್ತಿ ತಿರುಗಿಸುತ್ತಿದ್ದನು. ಸಿಪ್ಪೆಯ ಮೈಯ ಸಣ್ಣ ಸಣ್ಣ ಗುಳ್ಳೆಗಳು ಒಡೆದು ಎಣ್ಣೆ ಸ್ಪಂಜಿಗೆ ಇಳಿಯುತ್ತಿತ್ತು, ಸ್ಪಂಜು ತುಂಬಿದಾಗ ಅದನ್ನು ಬಟ್ಟಲಿಗೆ ಹಿಂಡುತ್ತಿದ್ದರು, ನೀರಿನ ಮೇಲೆ ತೇಲಿದ ಎಣ್ಣೆಯನ್ನು ಬೇರ್ಪಡಿಸುತ್ತಿದ್ದರು. 1844ರಲ್ಲಿ ನಿಕೋಲಾ ಬರಿಲ್ಲಾ ಎಂಬುವರು ಇದಕ್ಕೊಂದು ಯಂತ್ರ ರೂಪಿಸಿದರು. ಈಗ ಎಲ್ಲವೂ ಯಂತ್ರದಲ್ಲಿಯೇ ನಡೆಯುತ್ತದೆ. ಆದರೆ ತತ್ತ್ವ ಬದಲಾಗಿಲ್ಲ: ಬೆಂಕಿಯ ಸೋಂಕಿಲ್ಲದೆ, ತಣ್ಣಗೆ ಒತ್ತಿಯೇ ತೆಗೆಯಬೇಕು. ಕಾಯಿಸಿದರೆ ಆ ಹಸಿ ಸಿಪ್ಪೆಯ ತಾಜಾತನ ಕೆಡುತ್ತದೆ.

ಹಾಗೆ ತೆಗೆದ ಬರ್ಗಮಾಟಿನ ಎಣ್ಣೆಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ: ಲಿಮೋನೀನ್, ಲಿನಲೈಲ್ ಅಸಿಟೇಟ್ ಮತ್ತು ಲಿನಲೂಲ್. ನಿಂಬೆ, ಕಿತ್ತಳೆಗಳ ಎಣ್ಣೆಯಲ್ಲಿ ಲಿಮೋನೀನಿನದೇ ದರ್ಬಾರು. ನಿಂಬೆಗೆ ಅದರ ಚೂಪಾದ ಗುರುತು ಕೊಡುವುದು ಅಲ್ಪ ಪ್ರಮಾಣದ ಸಿಟ್ರಾಲ್. ಇನ್ನು ಉತ್ತಮ ಲ್ಯಾವೆಂಡರಿನ ಎಣ್ಣೆಯನ್ನು ಪರೀಕ್ಷಿಸಿದರೆ ಅಲ್ಲಿಯೂ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ ಲಿನಲೈಲ್ ಅಸಿಟೇಟ್ ಮತ್ತು ಇದೇ ಲಿನಲೂಲ್. ದಕ್ಷಿಣ ಇಟಲಿಯ ಕಡಲತೀರದ ಹಣ್ಣಿನ ಸಿಪ್ಪೆ, ತಂಪು ಬೆಟ್ಟಗಳಲ್ಲಿ ಬೆಳೆಯುವ ಮೊಳಕಾಲೆತ್ತರದ ಪೊದೆಯ ಹೂವು, ಇವೆರಡರ ಒಡಲಲ್ಲಿ ಒಂದೇ ಜೋಡಿ ವಸ್ತುಗಳಿವೆ. ಈ ಶೈಲಿಯ ಗುಟ್ಟೆಲ್ಲ ಇದರಲ್ಲಿದೆ ಎಂದು ನಾನು ಭಾವಿಸುತ್ತೇನೆ. ಬರ್ಗಮಾಟು ಮರೆಯಾಗುವಾಗ ಲ್ಯಾವೆಂಡರ್ ಮುಂದೆ ಬಂದರೂ ನಡುವೆ ಬಿರುಕು ಕಾಣಿಸುವುದಿಲ್ಲ. ಎಲ್ಲಿ ಹಣ್ಣು ಮುಗಿದು ಎಲ್ಲಿ ಹೂವು ಶುರುವಾಯಿತೆಂದು ಮೂಗು ಗೆರೆ ಎಳೆಯಲಾರದು. ಅದೇ ಜಾಗದಲ್ಲಿ ಮಲ್ಲಿಗೆಯನ್ನೋ ಲವಂಗವನ್ನೋ ಇಟ್ಟಿದ್ದರೆ ಒಂದು ಪರಿಮಳ ಹೋಗಿ ಇನ್ನೊಂದು ಬಂದಂತೆ ಅನಿಸುತ್ತಿತ್ತು.

ಯಾವುದು ಮೊದಲು ಹೋಗುತ್ತದೆ, ಯಾವುದು ಆಮೇಲೆ ಹೋಗುತ್ತದೆ ಎಂಬುದನ್ನು ಬಹುಮಟ್ಟಿಗೆ ಅಣುಗಳ ತೂಕವೇ ತೀರ್ಮಾನಿಸುತ್ತದೆ. ಲಿಮೋನೀನಿನ ಅಣುತೂಕ 136, ಲಿನಲೂಲಿನದು 154, ಲಿನಲೈಲ್ ಅಸಿಟೇಟಿನದು 196, ಶ್ರೀಗಂಧದ ಸ್ಯಾಂಟಲಾಲಿನದು 220. ಹಗುರವಾದದ್ದು ಬೇಗ ಆವಿಯಾಗುತ್ತದೆ, ಭಾರವಾದದ್ದು ನಿಧಾನ. ಇದರ ಜೊತೆಗೆ ಕಲೋನ್ ಎಂಬ ದರ್ಜೆಯಲ್ಲಿ ಸಾಮಾನ್ಯವಾಗಿ ಸುಗಂಧದ ಅಂಶ ಶೇಕಡ 2ರಿಂದ 5ರಷ್ಟು ಮಾತ್ರ ಇದ್ದು, ಉಳಿದದ್ದು ಮದ್ಯಸಾರ ಮತ್ತು ನೀರು. ದಾವಣಗೆರೆಯ ಏಪ್ರಿಲ್ ತಿಂಗಳಲ್ಲಿ, ಮೈ ಬಿಸಿ ಮತ್ತು ಗಾಳಿಯ ಬಿಸಿ ಎರಡೂ ಸೇರಿದಾಗ, ಮಿಲಾನಿನ ಚಳಿಯಲ್ಲಿ ಒಂದು ಗಂಟೆ ಕಾಣಿಸುತ್ತಿದ್ದ ನಿಂಬೆ ಅರ್ಧ ಗಂಟೆಯಲ್ಲಿ ಮುಗಿಯುವುದು ಏನೂ ಆಶ್ಚರ್ಯವಲ್ಲ.

ಬೇಕಾದರೆ ನೀವೇ ಪರೀಕ್ಷಿಸಿ ನೋಡಬಹುದು. ಡ್ರಾಯಿಂಗ್ ಹಾಳೆಯಿಂದ ಬೆರಳಗಲದ ಪಟ್ಟಿಯೊಂದನ್ನು ಕತ್ತರಿಸಿ, ಒಂದು ತುದಿಗೆ ಕಲೋನನ್ನು ಒಮ್ಮೆ ಸಿಂಪಡಿಸಿ, ಪೆನ್ಸಿಲಿನಿಂದ ಸಮಯ ಬರೆದಿಡಿ. ಮೊದಲ ಅರ್ಧ ನಿಮಿಷ ಮದ್ಯಸಾರದ ಘಾಟು ಹೋಗಲು ಬಿಡಿ. ಅನಂತರ ಸಿಗುವುದು ಸಿಪ್ಪೆ ಸುಲಿದಾಗ ಬರುವ ಚಿಮ್ಮುವ ಪರಿಮಳ. ಸುಮಾರು ಇಪ್ಪತ್ತು ನಿಮಿಷಕ್ಕೆ ಚೂಪು ಕಡಿಮೆಯಾಗಿ ಬರ್ಗಮಾಟಿನ ಸಿಹಿ, ಹೂವಿನಂಥ ಭಾಗ ಉಳಿದಿರುತ್ತದೆ. ಒಂದು ಗಂಟೆಗೆ ಲ್ಯಾವೆಂಡರ್ ಸ್ಪಷ್ಟವಾಗಿರುತ್ತದೆ, ಅದರ ಪಕ್ಕದಲ್ಲಿ ರೋಸ್‌ಮರಿಯ ಎಲೆಯ ಖಾರ. ಪಟ್ಟಿಯನ್ನು ಪುಸ್ತಕದ ಕಪಾಟಿನ ಮೇಲಿಟ್ಟು ಮರುದಿನ ಬೆಳಿಗ್ಗೆ ಮೂಸಿದರೆ ಮಣ್ಣಿನ ವಾಸನೆಯ ಲಾವಂಚವೂ ಹಾಲಿನಂಥ ಗಂಧವೂ ಇನ್ನೂ ಇರುವುದು ನಿಮಗೆ ತಿಳಿಯುತ್ತದೆ. ಕಾಗದ ತಣ್ಣಗಿರುವುದರಿಂದ ಅಲ್ಲಿ ಎಲ್ಲವೂ ಮೈಗಿಂತ ನಿಧಾನ. ಮಧ್ಯಾಹ್ನಕ್ಕೆ ಏನೂ ಇಲ್ಲವೆಂದು ನಿಮಗೆ ಅನಿಸುವುದಕ್ಕೆ ಇನ್ನೊಂದು ಕಾರಣ, ಮೂಗು ಬಹಳ ಹೊತ್ತು ಒಂದೇ ಪರಿಮಳದಲ್ಲಿದ್ದರೆ ಅದನ್ನು ಗಮನಿಸುವುದನ್ನು ಬಿಟ್ಟುಬಿಡುತ್ತದೆ. ಪಕ್ಕದಲ್ಲಿ ಕುಳಿತವರನ್ನು ಒಮ್ಮೆ ಕೇಳಿ ನೋಡಿ.

ಡಬ್ಬಿಯ ಮೇಲಿನ ಹೆಸರುಗಳ ಬಗ್ಗೆ ನಿಮಗಿದ್ದ ಸಂಶಯ ಈಗಾಗಲೇ ಅರ್ಧ ಪರಿಹಾರವಾಗಿರಬೇಕು. ಲಿಮೋನೀನ್, ಲಿನಲೂಲ್, ಸಿಟ್ರಾಲ್ ಇವು ಹಣ್ಣಿನ ಸಿಪ್ಪೆಯಲ್ಲಿಯೂ ಹೂವಿನಲ್ಲಿಯೂ ಇರುವ ವಸ್ತುಗಳ ಹೆಸರುಗಳು. ಕೆಲವರ ಚರ್ಮಕ್ಕೆ ಇವು ಒಗ್ಗದೆ ಅಲರ್ಜಿಯಾಗುವುದರಿಂದ, ಹಚ್ಚಿ ಹಾಗೆಯೇ ಬಿಡುವ ಪದಾರ್ಥಗಳಲ್ಲಿ ಶೇಕಡ 0.001ಕ್ಕಿಂತ ಹೆಚ್ಚಿದ್ದರೆ ಇವುಗಳ ಹೆಸರನ್ನು ಮುದ್ರಿಸಲೇಬೇಕೆಂದು ಯೂರೋಪಿನ ಕಾನೂನು ಹೇಳುತ್ತದೆ. ಒಂದು ಬಾಟಲಿಯಲ್ಲಿ ಬರಿಯ ನೈಸರ್ಗಿಕ ಬರ್ಗಮಾಟಿನ ಎಣ್ಣೆಯನ್ನೇ ಹಾಕಿದರೂ ಲಿಮೋನೀನ್, ಲಿನಲೂಲ್ ಎಂದು ಬರೆಯಬೇಕಾಗುತ್ತದೆ. ಅದೇ ಕಾರಣಕ್ಕೆ, ಆ ಲಿನಲೂಲ್ ಹೂವಿನಿಂದ ಬಂದದ್ದೋ ಕಾರ್ಖಾನೆಯಲ್ಲಿ ತಯಾರಾದದ್ದೋ ಎಂಬುದು ಪಟ್ಟಿಯಿಂದ ಗೊತ್ತಾಗುವುದಿಲ್ಲ. ಇಂದಿನ ಒಳ್ಳೆಯ ಕಲೋನುಗಳಲ್ಲಿ ಎರಡೂ ಬಗೆಯವು ಬೆರೆತಿರುತ್ತವೆ, ಅದರಲ್ಲಿ ಮೋಸವೇನೂ ಇಲ್ಲ. ವರ್ಷದಿಂದ ವರ್ಷಕ್ಕೆ ಬೆಳೆಯ ಗುಣ ಏರುಪೇರಾಗುವಾಗ ಪರಿಮಳವನ್ನು ಒಂದೇ ಹದದಲ್ಲಿಡಲು ತಯಾರಕರಿಗೆ ಇದು ಬೇಕಾಗುತ್ತದೆ. ನಿಮಗೆ ಈ ವಸ್ತುಗಳಿಂದ ಹಿಂದೆ ತುರಿಕೆ, ದದ್ದು ಬಂದಿದ್ದರೆ ಮಾತ್ರ ಎಚ್ಚರ ಬೇಕು.

ಪಟ್ಟಿಯಲ್ಲಿರುವ ನಾಲ್ಕನೆಯ ಹೆಸರು ಕೂಮರಿನ್, ಮತ್ತು ನಿಮ್ಮ ಮನೆಯವರು ಹೇಳಿದ ಸಲೂನಿನ ವಾಸನೆಗೆ ಉತ್ತರ ಅದರಲ್ಲಿಯೇ ಇದೆ. ಅವರ ಮೂಗು ಬಹಳ ಚುರುಕು. ಒಣಹುಲ್ಲಿನ ಸಿಹಿ ಘಮವಿರುವ ಈ ವಸ್ತುವನ್ನು 1868ರಲ್ಲಿ ವಿಲಿಯಂ ಪರ್ಕಿನ್ ಪ್ರಯೋಗಾಲಯದಲ್ಲಿ ತಯಾರಿಸಿದರು. 1882ರಲ್ಲಿ ಪ್ಯಾರಿಸಿನ ಉಬಿಗಾಂ ಸಂಸ್ಥೆಯ ಪೋಲ್ ಪಾರ್ಕೆ ಅವರು ಕೂಮರಿನ್, ಲ್ಯಾವೆಂಡರ್ ಮತ್ತು ಓಕ್ ಮರದ ಹಾವಸೆಯನ್ನು ಸೇರಿಸಿ ‘ಫುಝೇರ್ ರುವಾಯಲ್’ ಎಂಬ ಸುಗಂಧವನ್ನು ರೂಪಿಸಿದರು. ಆ ಜೋಡಣೆ ಎಷ್ಟು ಹಬ್ಬಿತೆಂದರೆ, ಮುಂದಿನ ಸುಮಾರು ನೂರು ವರ್ಷ ಕ್ಷೌರದ ಸಾಬೂನು, ಕ್ರೀಮು, ಲೋಷನ್ನುಗಳೆಲ್ಲ ಅದರ ನೆರಳಿನಲ್ಲಿಯೇ ತಯಾರಾದವು. ನಮ್ಮಲ್ಲಿ ಅದಕ್ಕೆ ಲ್ಯಾವೆಂಡರ್ ಪೌಡರಿನ ನೆನಪೂ ಸೇರುತ್ತದೆ. ಯಾರ್ಡ್‌ಲಿಯ ಇಂಗ್ಲಿಷ್ ಲ್ಯಾವೆಂಡರ್ ಪೌಡರ್ ಡಬ್ಬಿಯನ್ನು ಕಾಣದ ಮನೆ ಕಡಿಮೆ. ಆದರೆ ಇಟಲಿಯ ಕಲೋನಿನಲ್ಲಿ ಲ್ಯಾವೆಂಡರಿನ ಪಾತ್ರ ಬೇರೆ. ಅಲ್ಲಿ ಕೂಮರಿನಿನ ಸಿಹಿ ತೆಳುವಾಗಿದ್ದು, ಲ್ಯಾವೆಂಡರ್ ಹಣ್ಣಿನ ಹಿಂದೆ ನಿಂತು ಅದನ್ನು ಹಿಡಿದಿಡುತ್ತದೆ. ಹಣ್ಣು ಆರಿದ ಮೇಲೆ ಮೂಸಿದವರಿಗೆ ಎರಡೂ ಒಂದೇ ಎನಿಸುವುದು ಸಹಜ. ಹಾಕಿಕೊಂಡ ಐದು ನಿಮಿಷದಲ್ಲಿ ಅವರಿಗೆ ತೋರಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಲ್ಯಾವೆಂಡರಿನಲ್ಲಿಯೂ ಎರಡು ಬಗೆಯಿದೆ ಎಂಬುದನ್ನು ಗಮನಿಸಿ: ಅಸಲಿ ಲ್ಯಾವೆಂಡರ್ ಮೃದು ಮತ್ತು ಸಿಹಿ, ಅದರ ಮಿಶ್ರತಳಿಯಾದ ಲ್ಯಾವೆಂಡಿನ್ ಅಗ್ಗ ಮತ್ತು ಕರ್ಪೂರದ ಘಾಟುಳ್ಳದ್ದು. ಮಧ್ಯಭಾಗದಲ್ಲಿ ಕರ್ಪೂರ ಮೂಗಿಗೆ ಹೊಡೆದರೆ ತಯಾರಕರು ಖರ್ಚು ಉಳಿಸಿದ್ದಾರೆಂದು ತಿಳಿಯಬಹುದು.

ಬಿಸಿಲಿನ ವಿಚಾರದಲ್ಲಿ ನಿಮ್ಮ ಸ್ನೇಹಿತರ ಮಾತಿಗೆ ಆಧಾರವಿದೆ. ತಣ್ಣಗೆ ಒತ್ತಿ ತೆಗೆದ ಬರ್ಗಮಾಟಿನ ಎಣ್ಣೆಯಲ್ಲಿ ಬರ್ಗಾಪ್ಟೆನ್ ಎಂಬ ವಸ್ತುವಿರುತ್ತದೆ. ಅದು ಚರ್ಮದ ಮೇಲಿರುವಾಗ ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಸುಟ್ಟಂತೆ ಕೆಂಪಾಗಿ, ಆಮೇಲೆ ಕಂದು ಕಲೆ ಉಳಿಯುತ್ತದೆ. ಹಳೆಯ ಕಾಲದಲ್ಲಿ ಕಲೋನ್ ಕುತ್ತಿಗೆಯ ಮೇಲೆ ಇಳಿದ ದಾರಿಯಲ್ಲಿಯೇ ಪದಕದ ಆಕಾರದ ಕಲೆ ಮೂಡುತ್ತಿದ್ದುದು ಚರ್ಮವೈದ್ಯರಿಗೆಲ್ಲ ಗೊತ್ತಿದ್ದ ಸಂಗತಿ. ಈಗ ಅಂತರರಾಷ್ಟ್ರೀಯ ಸುಗಂಧ ಒಕ್ಕೂಟದ ನಿಯಮದಂತೆ, ಮೈಗೆ ಹಚ್ಚಿ ಬಿಡುವ ವಸ್ತುಗಳಲ್ಲಿ ಇಂಥ ಎಣ್ಣೆ ಶೇಕಡ 0.4ನ್ನು ಮೀರುವಂತಿಲ್ಲ. ಹೀಗಾಗಿ ಹೆಸರಾಂತ ತಯಾರಕರು ಬರ್ಗಾಪ್ಟೆನ್ ತೆಗೆದ ಎಣ್ಣೆಯನ್ನೇ ಬಳಸುತ್ತಾರೆ. ನಿಮ್ಮ ಬಾಟಲಿಯಿಂದ ಭಯಪಡಬೇಕಾಗಿಲ್ಲ. ಆದರೂ ನೆತ್ತಿಯ ಮೇಲೆ ಬಿಸಿಲಿರುವಾಗ ಹೊರಗೆ ಹೋಗುವುದಿದ್ದರೆ ಅಂಗಿಯಿಂದ ಮುಚ್ಚಿಹೋಗುವ ಭಾಗಕ್ಕೆ ಹಾಕಿಕೊಳ್ಳಿ. ನಿಜವಾದ ಅಪಾಯವಿರುವುದು, ಬಿಡಿಯಾಗಿ ಮಾರುವ ಬರ್ಗಮಾಟಿನ ಅಥವಾ ನಿಂಬೆಯ ಎಣ್ಣೆಯನ್ನು ಕೊಂಡು ನೇರವಾಗಿ ಮೈಗೆ ಹಚ್ಚಿಕೊಳ್ಳುವುದರಲ್ಲಿ. ಅದನ್ನು ಯಾರೂ ಮಾಡಬಾರದು.

ಬಳಸುವ ಕ್ರಮವೂ ಈ ಗುಣಗಳಿಗೆ ಹೊಂದಿಕೊಳ್ಳಬೇಕು. ಸ್ನಾನ ಮಾಡಿ ಒರೆಸಿಕೊಂಡ ಮೇಲೆ, ಪರಿಮಳವಿಲ್ಲದ ಯಾವುದಾದರೂ ಕ್ರೀಮನ್ನು ತೆಳುವಾಗಿ ಹಚ್ಚಿ, ಎದೆ ಮತ್ತು ಮುಂಗೈಗೆ ಕಲೋನನ್ನು ಧಾರಾಳವಾಗಿಯೇ ಸಿಂಪಡಿಸಿಕೊಳ್ಳಿ. ಒಣಚರ್ಮದ ಮೇಲೆ ನಿಲ್ಲುವುದಕ್ಕಿಂತ ಜಿಡ್ಡಿನ ಮೇಲೆ ಅದು ಹೆಚ್ಚು ಹೊತ್ತು ನಿಲ್ಲುತ್ತದೆ. ಅತ್ತರಿನಂತೆ ಒಂದು ಹನಿಯಲ್ಲಿ ಮುಗಿಸುವ ವಸ್ತು ಇದಲ್ಲ. ಕ್ಷೌರ ಮಾಡಿಕೊಂಡ ಕೂಡಲೇ ಕೆನ್ನೆಗೆ ಹಾಕಿದರೆ ಮದ್ಯಸಾರ ಉರಿಸುತ್ತದೆ. ಸ್ವಲ್ಪ ಹೊತ್ತು ತಡೆಯಿರಿ. ಹತ್ತಿಯ ಕರವಸ್ತ್ರಕ್ಕೆ ಎರಡು ಸಲ ಸಿಂಪಡಿಸಿ ಜೇಬಿನಲ್ಲಿಟ್ಟುಕೊಂಡರೆ ಮಧ್ಯಾಹ್ನದವರೆಗೂ ಲ್ಯಾವೆಂಡರ್ ಸಿಗುತ್ತದೆ, ಮತ್ತು ಇಂಥ ಕಲೋನಿಗೆ ಇದಕ್ಕಿಂತ ಒಳ್ಳೆಯ ವಾಹನ ನನಗೆ ತಿಳಿದಿಲ್ಲ. ಬಿಳಿ ಪಂಚೆ, ರೇಷ್ಮೆ ಶಲ್ಯಗಳ ಮೇಲೆ ಮಾತ್ರ ಬೇಡ, ಕಲೆಯಾಗಬಹುದು. ಪೂಜೆಗೆ ಕೂರುವ ಮುನ್ನ ಹಾಕಿಕೊಳ್ಳುವುದಾದರೆ ಪೂರ್ತಿ ಆರುವವರೆಗೆ ದೀಪದ ಹತ್ತಿರ ಹೋಗಬೇಡಿ. ಹಸಿಯಿರುವಾಗ ಇದು ಥಟ್ಟನೆ ಹೊತ್ತಿಕೊಳ್ಳುವ ವಸ್ತು. ಸಂಜೆ ಎಲ್ಲಿಗಾದರೂ ಹೊರಡುವುದಿದ್ದರೆ ಮುಖ ತೊಳೆದು ಮತ್ತೊಮ್ಮೆ ಹಾಕಿಕೊಳ್ಳಿ. ಒಂದೇ ಸಲ ಹಾಕಿ ರಾತ್ರಿಯವರೆಗೆ ಬರಲಿ ಎಂಬುದು ನಿಮ್ಮ ಅಪೇಕ್ಷೆಯಾಗಿದ್ದರೆ, ಇದೇ ಹೆಸರಿನ ಗಾಢ ದರ್ಜೆಗಳು ಸಿಗುತ್ತವೆ. ಆದರೆ ಅವುಗಳಲ್ಲಿ ಮರದ ಮತ್ತು ಕಸ್ತೂರಿಯ ಭಾಗ ಹೆಚ್ಚಾಗಿ ಹಣ್ಣಿನ ತಿಳಿತನ ಕುಗ್ಗುತ್ತದೆ. ನನ್ನನ್ನು ಕೇಳಿದರೆ ತೆಳುವಾದದ್ದೇ ಮೇಲು.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದದ್ದು ಬಾಟಲಿಯನ್ನು ಇಡುವ ಜಾಗದ ಬಗ್ಗೆ. ಲಿಮೋನೀನ್ ಗಾಳಿ, ಬೆಳಕು, ಬಿಸಿ ಈ ಮೂರಕ್ಕೂ ಬೇಗ ಕೆಡುತ್ತದೆ. ಕೆಟ್ಟಾಗ ನಿಂಬೆಯ ಚುರುಕು ಹೋಗಿ ಟರ್ಪೆಂಟೈನಿನಂಥ ಮಂಕು ವಾಸನೆ ಬರುತ್ತದೆ, ಮತ್ತು ಆಗ ಹುಟ್ಟುವ ವಸ್ತುಗಳೇ ಚರ್ಮಕ್ಕೆ ಹೆಚ್ಚು ಅಲರ್ಜಿ ತರುವಂಥವು. ಆದ್ದರಿಂದ ಬಚ್ಚಲಮನೆಯ ಕಿಟಕಿಯ ಮೇಲಾಗಲಿ ಕನ್ನಡಿಯ ಮುಂದಾಗಲಿ ಇಡದೆ, ಡಬ್ಬಿಯೊಳಗೇ ಹಾಕಿ ಬೀರುವಿನ ತಳಭಾಗದಲ್ಲಿಡಿ. ಡಬ್ಬಿಯ ಮೇಲೆ ಮುಚ್ಚಳ ತೆರೆದ ಭರಣಿಯ ಚಿತ್ರವಿದ್ದರೆ ಅದರೊಳಗಿನ ಅಂಕಿ, ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂಬುದನ್ನು ಹೇಳುತ್ತದೆ. ಮಗ ತಂದದ್ದೆಂದು ಹಬ್ಬ ಹರಿದಿನಕ್ಕೆ ಮಾತ್ರ ಎತ್ತಿಟ್ಟರೆ, ಬಾಟಲಿ ಅರ್ಧವಾಗುವಷ್ಟರಲ್ಲಿ ಬರ್ಗಮಾಟು ಹೋಗಿರುತ್ತದೆ. ದಿನವೂ ಹಾಕಿಕೊಳ್ಳಿ; ಹಾಗೆಯೇ ಮುಗಿಯುವ ಹೊತ್ತಿಗೆ ಇನ್ನೊಂದು ತರಲು ಅವನಿಗೆ ಹೇಳಿ, ಆದರೆ 100 ಮಿಲಿಲೀಟರಿನ ಒಂದು ದೊಡ್ಡ ಬಾಟಲಿಗಿಂತ 50ರ ಎರಡು ಬಾಟಲಿ ತರಲಿ, ಒಂದನ್ನು ಬಳಸುತ್ತಿರುವಾಗ ಇನ್ನೊಂದರ ಒಳಗೆ ಗಾಳಿ ಸೇರದೆ ಉಳಿಯುತ್ತದೆ.